ಕಾಯಿಸಿ, ‘ಇಲ್ಲ’ ಅನ್ನಬೇಡಿ

ನಾನು ನೋಡಿಕೊಳ್ಳುವ ವರ್ಚುವಲ್ ಮಷೀನುಗಳ ಡಿಸ್ಕುಗಳೆಲ್ಲ ಇರುವುದು ಎರಡು ಲಿನಕ್ಸ್ ಸರ್ವರುಗಳಲ್ಲಿ. ಒಂದರಲ್ಲಿ ಬರೆದದ್ದನ್ನು ಡಿಆರ್‌ಬಿಡಿ ಇನ್ನೊಂದಕ್ಕೂ ಮುಟ್ಟಿಸುತ್ತದೆ. ಕ್ಲೈಂಟುಗಳು ಅದೇ ಡಿಸ್ಕನ್ನು ನೆಟ್‌ವರ್ಕಿನ ಮೇಲೆ ಐಸ್ಕಸಿ ಮೂಲಕ, ಒಂದೇ ಐಪಿ ವಿಳಾಸದಲ್ಲಿ ನೋಡುತ್ತವೆ. ಮೊದಲ ಸರ್ವರ್ ಸತ್ತರೆ ಕ್ಲಸ್ಟರ್ ನೋಡಿಕೊಳ್ಳುವ ಪೇಸ್‌ಮೇಕರ್ ಆ ಐಪಿಯನ್ನು ಎರಡನೆಯದರ ಮೇಲೆ ಎಬ್ಬಿಸುತ್ತದೆ. ಬೋರ್ಡಿನ ಮೇಲೆ ಬರೆದು ತೋರಿಸಲು ಎರಡು ಚೌಕ, ಒಂದು ಬಾಣ ಸಾಕು. ಹೊಸ ವಿದ್ಯೆಯೂ ಅಲ್ಲ: ವಿಯೆನ್ನಾದ ಲಿನ್‌ಬಿಟ್ ಕಂಪನಿಯ ಡಿಆರ್‌ಬಿಡಿ 2010ರ 2.6.33 ಆವೃತ್ತಿಯಿಂದಲೇ ಲಿನಕ್ಸ್ ಕರ್ನಲ್‌ನಲ್ಲಿದೆ.

ಕೆಲಸಕ್ಕೆ ಇಳಿದ ಮೇಲೆ ನನ್ನ ಗಮನವೆಲ್ಲ ಸರ್ವರುಗಳಿಂದ ಕ್ಲೈಂಟಿನ ಕಡೆಗೆ ಹೊರಳಿತು. ಸರ್ವರ್ ಹೋದಾಗ ಕ್ಲೈಂಟ್ ಏನು ಕೇಳಿಸಿಕೊಳ್ಳುತ್ತದೆ ಎಂಬುದರ ಮೇಲೆಯೇ ಫೈಲ್ ಸಿಸ್ಟಮ್‌ನ ಅಳಿವು ಉಳಿವು.

ಲಿನಕ್ಸ್‌ನ ಐಸ್ಕಸಿ ಕ್ಲೈಂಟ್‌ಗೆ ಒಳ್ಳೆಯ ತಾಳ್ಮೆಯಿದೆ. ಐದೈದು ಸೆಕೆಂಡಿಗೊಮ್ಮೆ ‘ಇದ್ದೀಯಾ?’ ಎಂದು ವಿಚಾರಿಸುತ್ತದೆ. ಮುಂದಿನ ಐದು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಸಂಪರ್ಕ ಕಡಿದಿದೆ ಎಂದುಕೊಂಡು, ಬಂದ ರೀಡ್ ರೈಟ್‌ಗಳನ್ನೆಲ್ಲ ಹಿಡಿದಿಟ್ಟು ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. ರಿಪ್ಲೇಸ್‌ಮೆಂಟ್ ಟೈಮ್‌ಔಟ್ ಎಂಬ ಸೆಟ್ಟಿಂಗಿನಲ್ಲಿ ಇದಕ್ಕೆ 120 ಸೆಕೆಂಡ್ ಬರೆದೇ ಬಂದಿರುತ್ತದೆ. ಅಷ್ಟರೊಳಗೆ ಎರಡನೇ ಸರ್ವರ್ ಎದ್ದರೆ ಒಳಗಿನ ಡೇಟಾಬೇಸಿಗೆ ಡಿಸ್ಕ್ ಸ್ವಲ್ಪ ನಿಧಾನವಾಯಿತು ಅನಿಸುತ್ತದೆ, ಅಷ್ಟೇ. ಅವಧಿ ಮೀರಿದರೆ ಎರರ್ ಮೇಲಕ್ಕೆ ಹೋಗುತ್ತದೆ. ಇಎಕ್ಸ್‌ಟಿ4 ಜರ್ನಲ್ ಬರೆಯಲಾಗದೆ ರೀಡ್-ಓನ್ಲಿ ಆಗಿ ಕೂರುತ್ತದೆ. ಆಮೇಲೆ ಸರ್ವರ್ ಬಂದರೂ ಅದು ತಾನಾಗಿ ಸರಿಹೋಗುವುದಿಲ್ಲ. ಅನ್‌ಮೌಂಟ್, ಎಫ್‌ಎಸ್‌ಸಿಕೆ ಎಂದು ಒಂದೊಂದಕ್ಕೂ ಕೈಹಚ್ಚಬೇಕು. ಮಲ್ಟಿಪಾತ್, ಅಂದರೆ ಡಿಸ್ಕಿಗೆ ಇನ್ನೊಂದು ದಾರಿ, ಇಲ್ಲದ ಕಡೆ ನಾನು ಈ ಅವಧಿಯನ್ನು ಧಾರಾಳವಾಗಿ ಏರಿಸುತ್ತೇನೆ. ರೂಟ್ ಡಿಸ್ಕೇ ಐಸ್ಕಸಿ ಮೇಲಿದ್ದರೆ 86400, ಅಂದರೆ ಇಡೀ ದಿನ, ಇಡುವುದೂ ರೂಢಿಯಲ್ಲಿದೆ.

ವಿಚಿತ್ರವೆಂದರೆ, ಪರೀಕ್ಷೆ ಮಾಡುವಾಗ ಸರ್ವರನ್ನು ಏಕಾಏಕಿ ಕ್ರ್ಯಾಶ್ ಮಾಡಿಸಿದರೆ ಎಲ್ಲವೂ ಸಲೀಸು. ಸ್ಟ್ಯಾಂಡ್‌ಬೈ ಕಮಾಂಡ್ ಕೊಟ್ಟು ಮರ್ಯಾದೆಯಿಂದ ಕೆಲಸ ವರ್ಗಾಯಿಸಿದಾಗಲೇ ಕ್ಲೈಂಟಿನಲ್ಲಿ ಐ/ಓ ಎರರ್‌ಗಳು ಸಾಲುಗಟ್ಟಿದವು, ಅದೂ 120 ಸೆಕೆಂಡ್ ಕಾಯದೆ, ತಕ್ಷಣ. ಲಾಗ್ ತೆರೆದರೆ ಕಾರಣ ಎದುರಿಗೇ ಇತ್ತು. ಪೇಸ್‌ಮೇಕರ್ ಮೊದಲು ಎಲ್‌ಯುಎನ್ (ಕ್ಲೈಂಟಿಗೆ ಕಾಣುವ ಡಿಸ್ಕ್) ತೆಗೆಯುತ್ತದೆ, ಐಪಿಯನ್ನು ಆಮೇಲೆ. ನಡುವಿನ ಆ ಅರೆಕ್ಷಣದಲ್ಲಿ ಕ್ಲೈಂಟ್ ಕೇಳಿದ್ದಕ್ಕೆ ಸರ್ವರ್ ‘ಅಂಥ ಡಿಸ್ಕೇ ಇಲ್ಲ’ ಎಂದು ಪ್ರಾಮಾಣಿಕವಾಗಿ ಉತ್ತರಿಸುತ್ತದೆ. ಉತ್ತರ ಸಿಕ್ಕ ಮೇಲೆ ಕಾಯುವುದೇನಿದೆ? ಕ್ಲೈಂಟ್ ಆ ಎರರನ್ನು ಹಾಗೇ ಮೇಲಕ್ಕೆ ದಾಟಿಸುತ್ತದೆ. ಸತ್ತ ಸರ್ವರ್ ಈ ಮಾತು ಆಡುವುದಿಲ್ಲವಾದ್ದರಿಂದ ಅದರಿಂದ ತೊಂದರೆಯೂ ಇಲ್ಲ.

ಇದಕ್ಕೆ ಮದ್ದು ಪೋರ್ಟ್‌ಬ್ಲಾಕ್. ಏನನ್ನೇ ನಿಲ್ಲಿಸುವ ಮೊದಲು ಐಸ್ಕಸಿಯ 3260ನೇ ಪೋರ್ಟಿಗೆ ಬರುವ ಪ್ಯಾಕೆಟ್‌ಗಳನ್ನು ಫೈರ್‌ವಾಲ್‌ನಲ್ಲಿ ಸದ್ದಿಲ್ಲದೆ ಬೀಳಿಸುವುದು, ಆ ಕಡೆ ಡಿಆರ್‌ಬಿಡಿ, ಐಪಿ, ಟಾರ್ಗೆಟ್ (ಐಸ್ಕಸಿಯ ಸರ್ವರ್ ಭಾಗ), ಎಲ್‌ಯುಎನ್ ಎಲ್ಲ ಸಿದ್ಧವಾದ ಮೇಲಷ್ಟೇ ಬಿಡುವುದು. ಎಲ್‌ಯುಎನ್‌ನ ಸೀರಿಯಲ್ ನಂಬರ್ ಎರಡೂ ಕಡೆ ಒಂದೇ ಇರಬೇಕು. ಬೇರೆಯಿದ್ದರೆ ಕ್ಲೈಂಟಿನ ಕಣ್ಣಿಗೆ ಅದು ಬೇರೆ ಡಿಸ್ಕ್.

ಸುಳ್ಳು ಹೇಳುವ ಸರ್ವರ್ ಇನ್ನೂ ಅಪಾಯಕಾರಿ. ಟಾರ್ಗೆಟ್ ತನ್ನ ರ‍್ಯಾಮ್‌ನಲ್ಲಿಟ್ಟುಕೊಂಡು ‘ಬರೆದಾಯಿತು’ ಅಂದರೆ, ಕರೆಂಟ್ ಹೋದ ಕೂಡಲೇ ಆ ಮಾತೂ ಹೋಯಿತು. ಡಿಆರ್‌ಬಿಡಿಯ ಪ್ರೋಟೋಕಾಲ್ ‘ಸಿ’ ಎರಡೂ ಡಿಸ್ಕಿಗೆ ಬರೆದ ಮೇಲೆಯೇ ಹೂಂ ಅನ್ನುತ್ತದೆ. ಆದರೆ ಅದರ ಮೇಲೆ ಕೂತ ಟಾರ್ಗೆಟ್ ಬಫರ್ಡ್ ಫೈಲ್‌ಐಓ ಬಳಸುತ್ತಿದ್ದರೆ ಆ ಭರವಸೆಗೆ ಬೆಲೆಯಿಲ್ಲ. ಬ್ಲಾಕ್‌ಐಓ ಬಳಸಿ, ವೇಗ ಸ್ವಲ್ಪ ಕಡಿಮೆಯಾದರೆ ಆಗಲಿ.

ಇನ್ನು ಎರಡೂ ಸರ್ವರುಗಳು ಬದುಕಿದ್ದು, ನಡುವಿನ ಕೇಬಲ್ ಮಾತ್ರ ಹೋದರೆ? ಇಬ್ಬರು ಶಾನುಭೋಗರು ಬೇರೆಬೇರೆ ಕೋಣೆಯಲ್ಲಿ ಕೂತು ಒಂದೇ ಊರಿನ ಲೆಕ್ಕ ಬರೆದಂತೆ. ಆಮೇಲೆ ಒಂದು ಕಡತ ಹರಿದುಹಾಕದೆ ಗತಿಯಿಲ್ಲ. ಡಿಆರ್‌ಬಿಡಿಯಲ್ಲಿ ಅದಕ್ಕೊಂದು ಆಯ್ಕೆಯೇ ಇದೆ, ‘ಡಿಸ್ಕಾರ್ಡ್ ಮೈ ಡೇಟಾ’ ಅಂತ. ಅದನ್ನು ಟೈಪ್ ಮಾಡುವಾಗ ಯಾರ ಕೈಯೂ ಹಗುರವಾಗಿರುವುದಿಲ್ಲ. ಅದಕ್ಕೇ ಫೆನ್ಸಿಂಗ್: ಅಧಿಕಾರ ವಹಿಸಿಕೊಳ್ಳುವ ಮೊದಲು ಇನ್ನೊಂದರ ಪವರನ್ನು ಅದರೊಳಗಿನ ನಿಯಂತ್ರಣ ಚಿಪ್‌ಗೆ ಐಪಿಎಂಐ ಮೂಲಕ ಹೇಳಿ ಕಡಿಯುವುದು. ತಲೆನೋವೆಂದು ಇದನ್ನು ಆಫ್ ಮಾಡಿಟ್ಟ ಕ್ಲಸ್ಟರ್‌ಗಳನ್ನು ಕಂಡಿದ್ದೇನೆ. ಅವುಗಳ ಮೇಲೆ ನಾನಂತೂ ಒಂದು ಫೈಲನ್ನೂ ಇಡುವುದಿಲ್ಲ.

ಫೆನ್ಸಿಂಗ್‌ನಲ್ಲೂ ಒಂದು ತೊಡಕಿದೆ. ಸರ್ವರಿನ ಪವರ್ ಕೇಬಲ್ ಕಿತ್ತರೆ ಐಪಿಎಂಐ ಕೂಡ ಸಾಯುತ್ತದೆ. ‘ಆಫ್ ಆಯಿತು’ ಎಂದು ಹೇಳಲು ಅಲ್ಲಿ ಯಾರೂ ಉಳಿದಿರುವುದಿಲ್ಲ. ಖಾತ್ರಿಯಾಗದ ಹೊರತು ಪೇಸ್‌ಮೇಕರ್ ಮುಂದಿನ ಹೆಜ್ಜೆ ಇಡುವುದಿಲ್ಲ, ಕ್ಲೈಂಟುಗಳ 120 ಸೆಕೆಂಡ್ ಕರಗುತ್ತ ಹೋಗುತ್ತದೆ. ಹಾಗಾಗಿ ಐಪಿಎಂಐ ಸೋತರೆ ರ‍್ಯಾಕಿಗೆ ಕರೆಂಟ್ ಹಂಚುವ ಪಿಡಿಯುಗೆ ಹೇಳಿ ಆ ಸಾಕೆಟ್ಟನ್ನೇ ಆಫ್ ಮಾಡಿಸುವ ಎರಡನೇ ಹಂತ ಬೇಕು. ಸರ್ವರಿಗೆ ಎರಡು ಪವರ್ ಸಪ್ಲೈ ಇದ್ದರೆ ಎರಡೂ ಸಾಕೆಟ್ ಆಫ್ ಆಗಬೇಕು. ಯಾವ ವೈರ್ ಯಾವ ಸಾಕೆಟ್ಟಿಗೆ ಹೋಗಿದೆ ಎಂದು ರ‍್ಯಾಕಿನ ಹಿಂದೆ ಟಾರ್ಚ್ ಹಿಡಿದು ನೋಡಿಯೇ ಬರೆದುಕೊಳ್ಳಬೇಕು.