ಸಂಕೇತ ನಿಂತರೆ ದೋಣಿಯೂ ನಿಲ್ಲಬೇಕು



ಗೋಕಾಕ ಎಂದರೆ ಬಣ್ಣಬಣ್ಣದ ಮರದ ಆಟಿಕೆಗಳು ನೆನಪಿಗೆ ಬರುತ್ತವೆ. ಆ ಆಟಿಕೆಗಳನ್ನು ಎಲ್ಲಿ ಇಟ್ಟರೆ ಅಲ್ಲಿಯೇ ಇರುತ್ತವೆ. ಈಗ ಜಾತ್ರೆಗಳಲ್ಲಿ, ಪೇಟೆಯ ಅಂಗಡಿಗಳಲ್ಲಿ ಬೇರೆ ಬಗೆಯ ಆಟಿಕೆಗಳೂ ಸಿಗುತ್ತವೆ. ಅವುಗಳಲ್ಲಿ ರಿಮೋಟ್‌ನಿಂದ ಓಡುವ ದೋಣಿಯೂ ಒಂದು. ದಂಡೆಯ ಮೇಲೆ ನಿಂತು ಗುಂಡಿ ಒತ್ತಿದರೆ ಅದು ನೀರಿನ ಮೇಲೆ ಓಡುತ್ತದೆ, ತಿರುಗುತ್ತದೆ, ಹಿಂದೆ ಬರುತ್ತದೆ. ಆದರೆ ಕೆರೆಯ ನಡುವೆ ಓಡುತ್ತಿರುವಾಗ ರಿಮೋಟಿನ ಸಂಕೇತ ಥಟ್ಟನೆ ನಿಂತುಹೋದರೆ ದೋಣಿ ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ರೈಲು, ಹೊಲದ ಪಂಪ್‌ಸೆಟ್ ಮತ್ತು ಮಂಗಳಯಾನಗಳ ಬಗ್ಗೆಯೂ ಒಂದು ಮುಖ್ಯ ವಿಷಯ ನಮಗೆ ತಿಳಿಯುತ್ತದೆ.

ದೋಣಿಗೆ ಮಾತು ಮುಟ್ಟುವುದು ಹೇಗೆ?

ನಿಮ್ಮ ಕೈಯಲ್ಲಿರುವ ಪೆಟ್ಟಿಗೆಗೆ ಪ್ರೇಷಕ ಎನ್ನುತ್ತಾರೆ. ದೋಣಿಯೊಳಗೆ ಇರುವುದು ಗ್ರಾಹಕ. ಪ್ರೇಷಕವು ರೇಡಿಯೋ ತರಂಗಗಳ ಮೂಲಕ ಆಜ್ಞೆ ಕಳಿಸುತ್ತದೆ, ಗ್ರಾಹಕವು ಅದನ್ನು ಹಿಡಿದು ಮೋಟಾರಿಗೂ ಚುಕ್ಕಾಣಿಗೂ ತಿಳಿಸುತ್ತದೆ. ಹಳೆಯ ಮಾದರಿಗಳಲ್ಲಿ 27 ಮೆಗಾಹರ್ಟ್ಸ್ ಆವರ್ತನದ ತರಂಗ ಬಳಕೆಯಲ್ಲಿತ್ತು. ಅದರ ಒಂದು ತರಂಗದ ಉದ್ದ ಸುಮಾರು 11 ಮೀಟರ್. ಈಗಿನ ಬಹುತೇಕ ಮಾದರಿಗಳಲ್ಲಿ 2.4 ಗಿಗಾಹರ್ಟ್ಸ್ ತರಂಗವಿದೆ. ಅದರ ಉದ್ದ ಕೇವಲ 12.5 ಸೆಂಟಿಮೀಟರ್, ಅಂದರೆ ನಿಮ್ಮ ಒಂದು ಗೇಣಿಗಿಂತ ಕಡಿಮೆ.

ಒಳ್ಳೆಯ ಮಾದರಿ ದೋಣಿಗಳಲ್ಲಿ ಗ್ರಾಹಕವು ಮೋಟಾರಿನ ವೇಗ ನಿಯಂತ್ರಕಕ್ಕೆ ಸೆಕೆಂಡಿಗೆ ಸುಮಾರು 50 ಸಲ ಸಣ್ಣ ವಿದ್ಯುತ್ ಮಿಡಿತಗಳನ್ನು ಕಳಿಸುತ್ತಿರುತ್ತದೆ. ಮುಂದೆ ಹಿಂದೆ ಎರಡೂ ಕಡೆ ಓಡುವ ದೋಣಿಯಲ್ಲಿ ಮಿಡಿತದ ಅವಧಿ 1.5 ಮಿಲಿಸೆಕೆಂಡ್ ಇದ್ದರೆ 'ನಿಲ್ಲು' ಎಂದರ್ಥ. ಅದು 2 ಮಿಲಿಸೆಕೆಂಡಿನತ್ತ ಬೆಳೆದರೆ ಒಂದು ದಿಕ್ಕಿಗೆ ವೇಗ, 1 ಮಿಲಿಸೆಕೆಂಡಿನತ್ತ ಇಳಿದರೆ ಎದುರು ದಿಕ್ಕಿಗೆ ವೇಗ.

ಸಂಕೇತ ಏಕೆ ನಿಲ್ಲುತ್ತದೆ?

ಕಾರಣಗಳು ಹಲವು. ದೋಣಿ ದೂರ ಹೋದಷ್ಟೂ ಸಂಕೇತ ಕ್ಷೀಣವಾಗುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸಂಕೇತದ ಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ನೀರಿನ ಮಟ್ಟದಲ್ಲಿ ಅದು ಇನ್ನೂ ಬೇಗ ಇಳಿಯುತ್ತದೆ. 2.4 ಗಿಗಾಹರ್ಟ್ಸ್ ತರಂಗವನ್ನು ನೀರು ಚೆನ್ನಾಗಿ ಹೀರಿಕೊಳ್ಳುವುದರಿಂದ ದೋಣಿಯ ಆಂಟೆನಾ ನೀರಿನಲ್ಲಿ ಮುಳುಗಿದರೆ ಕೆಲಸ ಕೆಟ್ಟಂತೆಯೇ. ದಂಡೆಯ ಜೊಂಡುಹುಲ್ಲು, ಕಲ್ಲುಬಂಡೆ, ಅಡ್ಡ ನಿಂತ ಜನರು ಕೂಡ ತರಂಗಕ್ಕೆ ತಡೆಯಾಗುತ್ತಾರೆ. ಪ್ರೇಷಕದ ಬ್ಯಾಟರಿ ಮುಗಿಯಬಹುದು. ಹಳೆಯ 27 ಮೆಗಾಹರ್ಟ್ಸ್ ಆಟಿಕೆಗಳಾದರೆ ಪಕ್ಕದವರ ರಿಮೋಟ್ ನಿಮ್ಮ ದೋಣಿಯನ್ನು ಗೊಂದಲಕ್ಕೀಡು ಮಾಡಬಹುದು.

ಇವುಗಳಲ್ಲಿ ಯಾವುದು ಎಂದು ನಡೆಯುತ್ತದೆಯೋ ಹೇಳಲಾಗದು. ಆದ್ದರಿಂದ ಸಂಕೇತ ಎಂದೂ ನಿಲ್ಲದಂತೆ ಮಾಡಲು ಸಾಧ್ಯವಿಲ್ಲ. ನಿಂತಾಗ ಏನಾಗಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಡಲು ಮಾತ್ರ ಸಾಧ್ಯ.

ಒಂದು ಲೆಕ್ಕ ಮಾಡೋಣ

ಗಂಟೆಗೆ 18 ಕಿಲೋಮೀಟರ್ ವೇಗದ ದೋಣಿ ಸೆಕೆಂಡಿಗೆ 5 ಮೀಟರ್ ಸಾಗುತ್ತದೆ. ಸಂಕೇತ ನಿಂತಾಗ ಗ್ರಾಹಕವು 'ಕೊನೆಗೆ ಬಂದ ಆಜ್ಞೆಯನ್ನೇ ಪಾಲಿಸು' ಎಂದು ವರ್ತಿಸಿದರೆ, 20 ಸೆಕೆಂಡಿನಲ್ಲಿ ದೋಣಿ 100 ಮೀಟರ್ ಹೋಗಿರುತ್ತದೆ. ದೂರ ಹೋದಷ್ಟೂ ಸಂಕೇತ ಮರಳಿ ಸಿಗುವ ಸಾಧ್ಯತೆ ಕಡಿಮೆ. ಬದಲಿಗೆ ಅರ್ಧ ಸೆಕೆಂಡ್ ಕಾಯ್ದು ಮೋಟಾರನ್ನು ನಿಲ್ಲಿಸುವ ಏರ್ಪಾಡು ಇದ್ದರೆ, ಆ ಅವಧಿಯಲ್ಲಿ ಅದು ಸಾಗುವುದು ಎರಡೂವರೆ ಮೀಟರ್ ಮಾತ್ರ. ಆಮೇಲೆ ಸ್ವಲ್ಪ ದೂರ ತೇಲಿ ನಿಲ್ಲುತ್ತದೆ.

ಈ ಏರ್ಪಾಡಿಗೆ ಫೇಲ್‌ಸೇಫ್ ಎಂದು ಹೆಸರು. 'ಕೆಟ್ಟರೂ ಕೇಡಾಗದ ಏರ್ಪಾಡು' ಎಂದು ಕನ್ನಡದಲ್ಲಿ ಅರ್ಥಮಾಡಿಕೊಳ್ಳಬಹುದು. ಗಮನಿಸಿ, ಈ ಏರ್ಪಾಡು ನಿಮ್ಮ ಕೈಯ ಪ್ರೇಷಕದಲ್ಲಿದ್ದರೆ ಪ್ರಯೋಜನವಿಲ್ಲ. ಮಾತು ಮುಟ್ಟದಿರುವಾಗ 'ನಿಲ್ಲು' ಎಂಬ ಮಾತೂ ಮುಟ್ಟುವುದಿಲ್ಲ. ಆದ್ದರಿಂದ ಅದು ದೋಣಿಯೊಳಗೇ ಇರಬೇಕು.

ನಿಮಗಿದು ಗೊತ್ತೆ?

ರೇಡಿಯೋ ತರಂಗದಿಂದ ದೋಣಿಯನ್ನು ನಡೆಸಿ ಮೊದಲು ಜನರಿಗೆ ತೋರಿಸಿದವನು ನಿಕೋಲಾ ಟೆಸ್ಲಾ. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೀರಿನ ತೊಟ್ಟಿಯೊಂದರಲ್ಲಿ ಆ ಪ್ರದರ್ಶನ ನಡೆಯಿತು. ಅದೇ ವರ್ಷ ನವೆಂಬರ್ 8ರಂದು ಅವನಿಗೆ ಇದರ ಪೇಟೆಂಟ್ ದೊರೆಯಿತು.

ನಮ್ಮೂರಿನ ಫೇಲ್‌ಸೇಫ್‌ಗಳು

ಇದು ಆಟಿಕೆಗೆ ಮಾತ್ರ ಸೇರಿದ ವಿಚಾರವಲ್ಲ. ಘಟಪ್ರಭಾ ನಿಲ್ದಾಣದಲ್ಲಿ ರೈಲು ನಿಂತಾಗ ಎರಡು ಬೋಗಿಗಳ ನಡುವೆ ಜೋತುಬಿದ್ದ ರಬ್ಬರ್ ಕೊಳವೆಗಳನ್ನು ದೂರದಿಂದಲೇ ನೋಡಿ. ಅವುಗಳಲ್ಲಿ ಬ್ರೇಕಿನ ಕೊಳವೆಯೊಳಗೆ ಒತ್ತಿದ ಗಾಳಿ ತುಂಬಿರುತ್ತದೆ. ಗಾಳಿಯ ಒತ್ತಡ ಇರುವವರೆಗೆ ಬ್ರೇಕ್ ಬಿಟ್ಟಿರುತ್ತದೆ. ಒತ್ತಡ ಇಳಿದರೆ ಬ್ರೇಕ್ ಬೀಳುತ್ತದೆ. ಬೋಗಿಗಳು ಕಳಚಿ ಕೊಳವೆ ಹರಿದರೂ ಗಾಳಿ ಹೊರಹೋಗಿ ಎರಡೂ ಭಾಗಗಳು ತಾವಾಗಿಯೇ ನಿಲ್ಲುತ್ತವೆ. ಈ ಸ್ವಯಂಚಾಲಿತ ಬ್ರೇಕನ್ನು 1870ರ ದಶಕದಲ್ಲಿ ರೂಪಿಸಿದವನು ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್. ಅವನ ಮೊದಲ ಬ್ರೇಕಿನಲ್ಲಿ ಇದು ತಿರುಗುಮುರುಗಾಗಿತ್ತು. ಗಾಳಿ ಬಂದರೆ ಬ್ರೇಕ್ ಬೀಳುತ್ತಿತ್ತು. ಕೊಳವೆ ಹರಿದರೆ ಬ್ರೇಕೇ ಇರುತ್ತಿರಲಿಲ್ಲ!

ಮೂಡಲಗಿ, ಹುಕ್ಕೇರಿ ಕಡೆಯ ಕಬ್ಬಿನ ಹೊಲಗಳಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ನೋಡಿದ್ದೀರಲ್ಲವೆ? ಹಸಿರು ಗುಂಡಿ ಒತ್ತಿದಾಗ ಒಳಗಿನ ವಿದ್ಯುತ್ಕಾಂತವು ಸಂಪರ್ಕವನ್ನು ಹಿಡಿದಿಡುತ್ತದೆ. ಕರೆಂಟ್ ಹೋದಾಗ ಕಾಂತತ್ವ ಹೋಗಿ ಸ್ಪ್ರಿಂಗ್ ಸಂಪರ್ಕವನ್ನು ಬಿಡಿಸುತ್ತದೆ. ಕರೆಂಟ್ ಮತ್ತೆ ಬಂದರೂ ಗುಂಡಿ ಒತ್ತುವವರೆಗೆ ಪಂಪ್ ಓಡುವುದಿಲ್ಲ. ಆ ಹೊತ್ತಿಗೆ ಯಾರಾದರೂ ಪಂಪಿಗೆ ಕೈ ಹಾಕಿದ್ದರೆ ಅವರ ಜೀವ ಉಳಿಯುತ್ತದೆ. ಕರೆಂಟ್ ಬಂದೊಡನೆ ತಾನೇ ಶುರುವಾಗುವ ಆಟೋ ಸ್ವಿಚ್ ಜೋಡಿಸಿದ್ದರೆ ಈ ರಕ್ಷಣೆ ಇರುವುದಿಲ್ಲ. ಅಂಥ ಪಂಪನ್ನು ಮುಟ್ಟುವ ಮೊದಲು ದೊಡ್ಡವರು ಮುಖ್ಯ ಸ್ವಿಚ್ಚನ್ನು ತೆಗೆಯಲೇಬೇಕು.

ರೈಲಿನಲ್ಲಿ ಗಾಳಿ, ಪಂಪಿನಲ್ಲಿ ಕರೆಂಟ್, ದೋಣಿಯಲ್ಲಿ ರೇಡಿಯೋ ತರಂಗ. ಮೂರರಲ್ಲೂ ನಿಯಮ ಒಂದೇ: ಮೌನವಾದರೆ ನಿಲ್ಲು.

ಎಲ್ಲದಕ್ಕೂ ನಿಲ್ಲುವುದೇ ಸರಿಯೆ?

ಇಲ್ಲಿ ಸ್ವಲ್ಪ ಯೋಚಿಸಬೇಕು. ಹಾರುತ್ತಿರುವ ಡ್ರೋನ್‌ನ ಮೋಟಾರು ನಿಂತರೆ ಅದು ಕೆಳಗಿದ್ದವರ ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಎಷ್ಟೋ ಡ್ರೋನ್‌ಗಳು ಸಂಕೇತ ನಿಂತಾಗ ಹೊರಟ ಜಾಗಕ್ಕೆ ಮರಳುತ್ತವೆ ಇಲ್ಲವೆ ಮೆಲ್ಲಗೆ ಇಳಿಯುತ್ತವೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆಯು ಎಂಜಿನ್ ಉರಿಯುತ್ತಿರುವಾಗಲೇ ಮಂಗಳ ಗ್ರಹದ ಹಿಂದೆ ಮರೆಯಾಯಿತು. ಸಂಕೇತ ನಿಂತಿತು. ಮರೆಯಾಗದಿದ್ದರೂ ಭೂಮಿಯಿಂದ ಅಲ್ಲಿಗೆ ಸಂಕೇತ ತಲುಪಲು 12 ನಿಮಿಷಕ್ಕೂ ಹೆಚ್ಚು ಬೇಕಿತ್ತು. ಆದ್ದರಿಂದ ಎಂಜಿನ್ ಯಾವಾಗ ಹೊತ್ತಬೇಕು, ಯಾವಾಗ ನಿಲ್ಲಬೇಕು ಎಂಬ ಆಜ್ಞೆಗಳನ್ನು ಬೆಂಗಳೂರಿನಿಂದ ಕೆಲವು ದಿನ ಮೊದಲೇ ಕಳಿಸಲಾಗಿತ್ತು. ನೌಕೆ ಅವುಗಳಂತೆ ನಡೆದು ಕಕ್ಷೆ ಸೇರಿತು.

ಅಂದರೆ ಪ್ರತಿ ಯಂತ್ರಕ್ಕೂ 'ಇದಕ್ಕೆ ಸುರಕ್ಷಿತ ಸ್ಥಿತಿ ಯಾವುದು?' ಎಂದು ಬೇರೆಯಾಗಿಯೇ ಕೇಳಬೇಕು. ನಿಂತ ನೀರಿನಲ್ಲಿರುವ ದೋಣಿಗೆ ಆ ಸ್ಥಿತಿ ಎಂದರೆ ಮೋಟಾರು ನಿಲ್ಲುವುದು. ಹರಿಯುವ ನೀರಿನಲ್ಲಿ ಅದೂ ಸಾಲದು. ಮೋಟಾರು ನಿಂತರೂ ಘಟಪ್ರಭಾ ನದಿ, ನೀರಾವರಿ ಕಾಲುವೆಗಳು ದೋಣಿಯನ್ನು ಒಯ್ಯುತ್ತವೆ. ಆದ್ದರಿಂದ ಅಲ್ಲಿ ದೋಣಿ ಬಿಡಲೇಬಾರದು.

ಮಾಡಿ ನೋಡಿ

ಈ ಪ್ರಯೋಗಕ್ಕೆ ದೋಣಿ ಬೇಕಾಗಿಲ್ಲ.

ಬೇಕಾಗುವ ಸಾಮಗ್ರಿ: ಶಾಲೆಯ ಸಮತಟ್ಟಾದ ಮೈದಾನ, ಕಣ್ಣಿಗೆ ಕಟ್ಟುವ ಬಟ್ಟೆ, ಸುಣ್ಣದ ಪುಡಿ, ಅಳತೆಯ ಪಟ್ಟಿ, ಕೆಲವು ತಟ್ಟೆಗಳು.

ವಿಧಾನ: ಒಬ್ಬರು 'ದೋಣಿ', ಒಬ್ಬರು 'ಪ್ರೇಷಕ'. ದೋಣಿಯಾದವರ ಕಣ್ಣು ಕಟ್ಟಿ. ಇನ್ನೊಬ್ಬರು ಪಕ್ಕದಲ್ಲೇ ನಡೆಯುತ್ತ ಅವರನ್ನು ಕಾಯಲಿ. 20 ಮೀಟರ್ ದೂರದಲ್ಲಿ ಸುಣ್ಣದ ಗೆರೆ ಎಳೆಯಿರಿ. ಅದನ್ನು ಮುಟ್ಟಿದರೆ ಕಾಯುವವರು ಭುಜ ಹಿಡಿದು ನಿಲ್ಲಿಸಬೇಕು.

ಮೊದಲ ಸುತ್ತು: 'ನಿಲ್ಲು ಎಂದು ಕೇಳುವವರೆಗೆ ನಡೆ.' ದೋಣಿ 5 ಮೀಟರ್ ನಡೆದ ಮೇಲೆ ಉಳಿದವರು ತಟ್ಟೆ ಬಡಿಯಲಿ. ಆ ಗದ್ದಲದಲ್ಲಿ ಪ್ರೇಷಕರು ಸಾಮಾನ್ಯ ದನಿಯಲ್ಲಿ 'ನಿಲ್ಲು' ಎನ್ನಲಿ.

ಎರಡನೇ ಸುತ್ತು: ಪ್ರೇಷಕರು ಸೆಕೆಂಡಿಗೊಂದು ಚಪ್ಪಾಳೆ ತಟ್ಟುತ್ತಿರಲಿ. 'ಚಪ್ಪಾಳೆ ಕೇಳುವವರೆಗೆ ಮಾತ್ರ ನಡೆ. ಎರಡು ಎಣಿಸುವಷ್ಟರಲ್ಲಿ ಚಪ್ಪಾಳೆ ಕೇಳದಿದ್ದರೆ ನಿಲ್ಲು.' ಮತ್ತೆ 5 ಮೀಟರ್ ಆದ ಮೇಲೆ ತಟ್ಟೆ ಬಡಿಯಿರಿ.

ಮೂರನೇ ಸುತ್ತು: 'ಒಂದೇ ಒಂದು ಚಪ್ಪಾಳೆ ತಪ್ಪಿದರೂ ನಿಲ್ಲು.' ಈ ಸಲ ತಟ್ಟೆಗಳನ್ನು ಆಗಾಗ ಒಮ್ಮೆ ಮಾತ್ರ ಬಡಿಯಿರಿ.

ಗದ್ದಲ ಶುರುವಾದ ಮೇಲೆ ದೋಣಿ ಎಷ್ಟು ದೂರ ನಡೆಯಿತೆಂದು ಪ್ರತಿ ಸಲ ಅಳೆದು ಬರೆದುಕೊಳ್ಳಿ. ಮೊದಲ ಸುತ್ತಿನಲ್ಲಿ ದೋಣಿ ಗೆರೆ ಮುಟ್ಟುವುದೇ ಹೆಚ್ಚು. ಎರಡನೆಯದರಲ್ಲಿ ಕೆಲವೇ ಹೆಜ್ಜೆಗಳಲ್ಲಿ ನಿಲ್ಲುತ್ತದೆ. ಮೂರನೆಯದರಲ್ಲಿ ಸುಮ್ಮಸುಮ್ಮನೆ ನಿಲ್ಲುತ್ತ ಆಟವೇ ಸಾಗದು. ಆದ್ದರಿಂದಲೇ ನಿಜವಾದ ಗ್ರಾಹಕಗಳೂ ಸಂಕೇತ ಒಂದು ಕ್ಷಣ ತಪ್ಪಿದರೆ ನಿಲ್ಲಿಸುವುದಿಲ್ಲ, ಸ್ವಲ್ಪ ಹೊತ್ತು ಕಾಯುತ್ತವೆ.

ದೋಣಿಯನ್ನು ನೀರಿಗೆ ಬಿಡುವ ಮೊದಲು

1. ಪರೀಕ್ಷೆ ನೆಲದ ಮೇಲೆಯೇ ಆಗಲಿ. ಶಿಕ್ಷಕರು ಅಥವಾ ಪಾಲಕರು ದೋಣಿಯನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ಇಡಲಿ. ತಿರುಗುವ ರೆಕ್ಕೆಯಿಂದ ಕೈ, ಕೂದಲು, ಬಟ್ಟೆ ದೂರವಿರಲಿ. ಮೋಟಾರು ನಿಧಾನವಾಗಿ ಓಡುತ್ತಿರುವಾಗ ಪ್ರೇಷಕವನ್ನು ಆರಿಸಿ. ಒಂದೆರಡು ಸೆಕೆಂಡಿನಲ್ಲಿ ಮೋಟಾರು ನಿಂತರೆ ಸರಿ. ಓಡುತ್ತಲೇ ಇದ್ದರೆ ಅಥವಾ ವೇಗ ಹೆಚ್ಚಿದರೆ ಆ ದೋಣಿ ನೀರಿಗಿಳಿಯಬಾರದು. ಕೈಪಿಡಿ ನೋಡಿ ಫೇಲ್‌ಸೇಫ್ ಅನ್ನು ಹೊಂದಿಸಿ, ಮತ್ತೆ ಪರೀಕ್ಷಿಸಿ.

2. ಆರಂಭಿಸುವಾಗ ಮೊದಲು ಪ್ರೇಷಕ, ಆಮೇಲೆ ದೋಣಿ. ಮುಗಿಸುವಾಗ ಮೊದಲು ದೋಣಿ, ಆಮೇಲೆ ಪ್ರೇಷಕ. ದೋಣಿ ಎಂದೂ ಒಡೆಯನಿಲ್ಲದೆ ಎಚ್ಚರವಾಗಿರಬಾರದು.

3. ಎರಡೂ ಬ್ಯಾಟರಿಗಳು ತುಂಬಿರಲಿ. ಆಂಟೆನಾ ನೀರಿನ ಮಟ್ಟಕ್ಕಿಂತ ಮೇಲೆ, ನೆಟ್ಟಗೆ ಇರಲಿ. ಕುಳಿತು ಆಡಿಸದೆ ದಂಡೆಯ ಮೇಲೆ ನಿಂತು ಆಡಿಸಿ.

4. ಗಾಳಿ ನಿಮ್ಮ ಮುಖಕ್ಕೆ ಬೀಸುವ ದಂಡೆಯಲ್ಲಿ ನಿಲ್ಲಿ. ಆಗ ನಿಂತ ದೋಣಿಯನ್ನು ಗಾಳಿಯೇ ನಿಮ್ಮತ್ತ ತರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಹೆಚ್ಚಾಗಿ ಪಡುವಣ ಗಾಳಿ ಬೀಸುವುದರಿಂದ ಕೆರೆಯ ಮೂಡಣ ದಂಡೆ ಒಳ್ಳೆಯದು.

5. ಪೆಟ್ರೋಲ್ ಎಂಜಿನ್ನಿನ ದೋಣಿಗಳಲ್ಲಿ ಗ್ರಾಹಕದ ಬ್ಯಾಟರಿ ಸತ್ತರೆ ಫೇಲ್‌ಸೇಫ್ ಕೂಡ ಸಾಯುತ್ತದೆ, ಎಂಜಿನ್ ಮಾತ್ರ ಓಡುತ್ತಲೇ ಇರುತ್ತದೆ. ಅಂಥವು ಮಕ್ಕಳ ಆಟಕ್ಕಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು

ದೋಣಿ ನಡುನೀರಿನಲ್ಲಿ ನಿಂತರೆ ಅದನ್ನು ತರಲು ನೀರಿಗೆ ಇಳಿಯಬೇಡಿ. ಈಜು ಬಂದರೂ ಬೇಡ. ಹಿಡಕಲ್ ಜಲಾಶಯದ ಹಿನ್ನೀರಿನಲ್ಲಿ ದಂಡೆಯ ಬಳಿಯೇ ಕೆಸರು, ಹಠಾತ್ ಆಳ ಇರಬಹುದು. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡದ ಗೋಡೆ ಜಾರುವುದರಿಂದ ಒಳಗೆ ಬಿದ್ದವರು ಹತ್ತಿ ಬರುವುದು ಬಹಳ ಕಷ್ಟ. ಅಂಥ ಹೊಂಡದ ಬಳಿ ಆಡಲೇಬೇಡಿ. ದೊಡ್ಡವರನ್ನು ಕರೆಯಿರಿ, ಗಾಳಿ ದೋಣಿಯನ್ನು ದಂಡೆಗೆ ತರುವವರೆಗೆ ಕಾಯಿರಿ. ಗಾಳಿ ತರದಿದ್ದರೆ ದೋಣಿ ಹೋಗಲಿ. ಹೊಸ ದೋಣಿ ಕೊಳ್ಳಬಹುದು.

ಯೋಚಿಸಿ ಉತ್ತರಿಸಿ

1. ನಿಮ್ಮ ಮನೆ ಅಥವಾ ಹೊಲದಲ್ಲಿ 'ಮೌನವಾದರೆ ನಿಲ್ಲು' ಎಂಬ ನಿಯಮದಂತೆ ನಡೆಯುವ ಇನ್ನೊಂದು ಸಾಧನ ಯಾವುದು?

2. ಗಂಟೆಗೆ 36 ಕಿಲೋಮೀಟರ್ ವೇಗದ ದೋಣಿಯ ಫೇಲ್‌ಸೇಫ್ ಒಂದು ಸೆಕೆಂಡ್ ಕಾಯುತ್ತದೆ. ಮೋಟಾರು ನಿಲ್ಲುವ ಮೊದಲು ಅದು ಎಷ್ಟು ದೂರ ಸಾಗುತ್ತದೆ?

3. ಆಸ್ಪತ್ರೆಯಲ್ಲಿ ರೋಗಿಗೆ ಉಸಿರು ನೀಡುವ ಯಂತ್ರಕ್ಕೆ ಕರೆಂಟ್ ಹೋದರೆ ಅದು ನಿಲ್ಲಬೇಕೆ, ಓಡಬೇಕೆ? ಅದಕ್ಕಾಗಿ ಯಂತ್ರದೊಳಗೆ ಮೊದಲೇ ಏನು ಇಟ್ಟಿರಬೇಕು?

ಉತ್ತರಗಳನ್ನು ತರಗತಿಯಲ್ಲಿ ಚರ್ಚಿಸಿ, ವಿಜ್ಞಾನದ ಟಿಪ್ಪಣಿ ಪುಸ್ತಕದಲ್ಲಿ ಚಿತ್ರಸಹಿತ ಬರೆಯಿರಿ.