ತೋಟದಲ್ಲಿ ಗ್ಲಾಂಪಿಂಗ್ ಟೆಂಟ್: ಮೊದಲು ನೀರಿನ ಲೆಕ್ಕ ಹಾಕಿ

ಈ ವಾರ ರೋಗ, ಗೊಬ್ಬರ ಬಿಟ್ಟು ಬೇರೆ ವಿಷಯ. ಸಾಗರದ ಕಡೆಯ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಕೇಳಿದ್ದಾನೆ: "ಅಣ್ಣ, ಅರ್ಧ ಎಕರೆ ಅಡಿಕೆ ತೆಗೆದು ನಾಲ್ಕು ಗ್ಲಾಂಪಿಂಗ್ ಟೆಂಟ್ ಹಾಕಿದ್ರೆ ಹೇಗೆ?" ಸಕಲೇಶಪುರ, ಮೂಡಿಗೆರೆ ಕಡೆಯಿಂದಲೂ ಇದೇ ತರದ ಪ್ರಶ್ನೆ ಬರ್ತಾ ಇದೆ. ರೀಲ್ಸ್ ನೋಡಿದ್ರೆ ಯಾರಿಗಾದ್ರೂ ಆಸೆ ಆಗುತ್ತೆ ಬಿಡಿ.

ಗ್ಲಾಮರ್ ಮತ್ತು ಕ್ಯಾಂಪಿಂಗ್ ಸೇರಿಸಿ ಮಾಡಿದ ಪದ ಗ್ಲಾಂಪಿಂಗ್. ಹೊರಗಿನಿಂದ ಟೆಂಟ್, ಒಳಗೆ ಮಂಚ, ದಪ್ಪ ಹಾಸಿಗೆ, ಬಿಸಿನೀರಿನ ಬಚ್ಚಲು, ಕಮೋಡ್. ನನ್ನ ತೋಟದ ಮೇಲ್ಬದಿಯಲ್ಲೂ ಇಂಥ ಎರಡು ಟೆಂಟ್ ಇವೆ. ಆದರೆ ಅವು ನಿಂತಿರೋದು ಏನೂ ಬೆಳೆಯದ ಜಂಬಿಟ್ಟಿಗೆ ದಿಬ್ಬದ ಮೇಲೆ. ಹಾಗಾಗಿ ಆ ಹುಡುಗನಿಗೆ ನನ್ನ ಉತ್ತರ: ಟೆಂಟ್ ಹಾಕು, ಅಡಿಕೆ ಕಡೀಬೇಡ. ಅದಕ್ಕೂ ಮೊದಲು ನಿನ್ನ ಬೋರ್‌ವೆಲ್ ಏನು ಹೇಳುತ್ತೆ ಕೇಳು.

ಒಳಚರಂಡಿ ಇರುವ ಊರುಗಳಿಗೆ ನೀರು ಕೊಡುವಾಗ ತಲೆಗೆ ದಿನಕ್ಕೆ 135 ಲೀಟರ್ ಎಂದು ಸರ್ಕಾರಿ ಲೆಕ್ಕ. ನಾಲ್ಕು ಟೆಂಟ್, ಎಂಟು ಜನ ಅಂದ್ರೆ 1,080 ಲೀಟರ್. ಡ್ರಿಪ್‌ನಲ್ಲಿ ಬೇಸಿಗೆಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಕೊಡಿ ಅನ್ನೋದು ಸಿಪಿಸಿಆರ್‌ಐ ಶಿಫಾರಸು. ಅಂದರೆ ಎಂಟು ಅತಿಥಿಗಳ ನೀರಲ್ಲಿ 54ರಿಂದ 67 ಮರ ಬದುಕುತ್ತವೆ. ಇದು ಸಾಮಾನ್ಯ ಬಳಕೆ ಮಾತ್ರ. ದುಡ್ಡು ಕೊಟ್ಟು ಬಂದವರು ಹೆಚ್ಚೇ ಬಳಸ್ತಾರೆ, ಬೆಡ್‌ಶೀಟ್, ಟವೆಲ್ ಒಗೆಯೋದು ಬೇರೆ. ಬಾತ್‌ಟಬ್ ಇಟ್ಟರೆ ಒಂದು ಸಲ ತುಂಬಿಸೋಕೇ 150 ಲೀಟರ್ ಬೇಕು. ಮಲೆನಾಡಿನ ತೋಟಕ್ಕೆ ಬಾತ್‌ಟಬ್ ತಂದು ಇಡೋದು ನನಗಂತೂ ಹುಚ್ಚಾಟ ಅನ್ಸುತ್ತೆ.

ಕಷ್ಟ ಏನಂದ್ರೆ, ಶಾಲೆಗೆ ರಜೆ ಸಿಕ್ಕಿ ಜನ ಬರೋದು ಏಪ್ರಿಲ್-ಮೇನಲ್ಲಿ. ಬೋರ್ ಸೊರಗೋದೂ ಆಗಲೇ. ಆದ್ದರಿಂದ ಪರೀಕ್ಷೆಯನ್ನು ಏಪ್ರಿಲ್ ಕೊನೆಗೆ ಮಾಡಿ, ಮಳೆ ಮುಗಿದ ಅಕ್ಟೋಬರ್‌ನಲ್ಲಿ ಅಲ್ಲ. 20 ಲೀಟರ್ ಬಕೆಟ್ ಪೈಪಿನ ಕೆಳಗೆ ಹಿಡೀರಿ, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಒತ್ತಿ. 30 ಸೆಕೆಂಡಿಗೆ ತುಂಬಿದ್ರೆ ಗಂಟೆಗೆ 2,400 ಲೀಟರ್. ಮೋಟಾರ್ ಎಷ್ಟು ಗಂಟೆ ಓಡಿದ ಮೇಲೆ ಗಾಳಿ ಎಳೆಯುತ್ತೆ ಅಂತಲೂ ಬರೆದಿಡಿ. ಗಂಟೆಯ ನೀರನ್ನು ಅಷ್ಟು ಗಂಟೆಗೆ ಗುಣಿಸಿ, ತೋಟದ ಪಾಲು ಕಳೀರಿ. ಉಳಿದಿದ್ದು ಮಾತ್ರ ಅತಿಥಿಗಳದ್ದು. ಏನೂ ಉಳೀಲಿಲ್ಲ ಅಂದ್ರೆ ಟೆಂಟಿನ ಮಾತು ಅಲ್ಲಿಗೇ ಮುಗೀತು.

ಬಂದ ನೀರು ಹೊರಗೂ ಹೋಗಬೇಕಲ್ಲ. ಸ್ನಾನದ ನೀರನ್ನು ಜಲ್ಲಿ ತುಂಬಿದ ಗುಂಡಿಯಲ್ಲಿ ಹಾಯಿಸಿ, ಅಲ್ಲಿ ಕಾಬಾಳೆ ನೆಟ್ಟು, ಆಮೇಲೆ ಬಾಳೆಗೆ ಬಿಡಬಹುದು. ಬ್ಲೀಚ್ ಬಳಸಬಾರದು ಅಷ್ಟೇ. ಶೌಚಾಲಯದ ಗುಂಡಿ ಮಾತ್ರ ಬಾವಿ, ಬೋರ್‌ಗಿಂತ ಕೆಳಗೆ, ದೂರದಲ್ಲಿರಲಿ. ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಳಿಯುತ್ತೆ. ಸಾವಯವ ಪ್ರಮಾಣಪತ್ರ ಇರುವವರು ನೆನಪಿಡಿ: ಮನುಷ್ಯರ ಮಲ ಸೇರಿದ ಗೊಬ್ಬರವನ್ನು ತಿನ್ನುವ ಬೆಳೆಗೆ ಹಾಕುವಂತಿಲ್ಲ.

ಜಾಗ ಆರಿಸುವಾಗ ತೆಂಗು, ಅಡಿಕೆ ಮರದ ಕೆಳಗೆ ಬೇಡವೇ ಬೇಡ. ಒಂದು ಕಾಯಿ, ಒಂದು ಸೋಗೆ ಬಿದ್ರೆ ಸಾಕು. ಕಾಡಿನ ಅಂಚೂ ಬೇಡ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಹತ್ತಿರ ಟೆಂಟ್‌ನಲ್ಲಿ ತಂಗಿದ್ದ ಮಹಿಳೆಯೊಬ್ಬರು ಕಾಡಾನೆ ದಾಳಿಯಲ್ಲಿ ತೀರಿಕೊಂಡ್ರು. ನಮ್ಮ ಶಿವಮೊಗ್ಗ ಕಡೆ ಇನ್ನೊಂದಿದೆ, ಮಂಗನ ಕಾಯಿಲೆ. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು. ಉಣ್ಣೆಯಿಂದ ಹರಡುವ ಈ ಜ್ವರದ ಕಾಲ ಹೆಚ್ಚುಕಮ್ಮಿ ಡಿಸೆಂಬರ್‌ನಿಂದ ಮೇ, ಅಂದರೆ ನಮ್ಮ ಅತಿಥಿಗಳ ಕಾಲವೇ. ಸುತ್ತಲ ದರಗು ಗುಡಿಸಿಡಿ. ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ಹೇಳಿ, ಬುಕಿಂಗ್ ನಿಲ್ಲಿಸಿ. ಬಾಡಿಗೆ ಹೋದರೆ ಹೋಗಲಿ.

ಆದಾಯ? ಜೂನ್‌ನಿಂದ ಸೆಪ್ಟೆಂಬರ್ ಮಳೆ. ಕಾಟನ್ ಕ್ಯಾನ್ವಾಸ್ ಬೂಸ್ಟು ಹಿಡಿಯುತ್ತೆ, ಒಣಗಿಸಿ ಮಡಚಿಡಬೇಕು. ಉಳಿದ ಎಂಟು ತಿಂಗಳಲ್ಲಿ ಸುಮಾರು 35 ವಾರ. ಶುಕ್ರವಾರ, ಶನಿವಾರ ಎರಡೆರಡು ರಾತ್ರಿ ಅಂದ್ರೆ 70. ಅರ್ಧ ತುಂಬಿದ್ರೆ 35 ರಾತ್ರಿ. ಸಾಲದ ಕಂತನ್ನು ಈ 35ರ ಮೇಲೆ ಲೆಕ್ಕ ಹಾಕಿ, 365ರ ಮೇಲಲ್ಲ. ಅಡಿಕೆ ಕೊಯ್ಲು, ಸುಲಿಯೋದು, ಬೇಯಿಸೋದು ಕೂಡ ಇದೇ ತಿಂಗಳುಗಳಲ್ಲಿ. ಹಾಸಿಗೆ ಬದಲಿಸೋರು ಯಾರು, ಕೊನೆ ಹೊರೋರು ಯಾರು ಅಂತ ಮನೆಯಲ್ಲಿ ಕೂತು ಮೊದಲೇ ಮಾತಾಡಿ. ಈ ಕೆಲಸ ಸುಮ್ಮನೆ ಅಮ್ಮನ, ಹೆಂಡತಿಯ ತಲೆಗೆ ಬೀಳುತ್ತೆ. ಅವರಿಗೂ ಕೂಲಿ ಹಿಡಿದೇ ಖರ್ಚು ಬರೀರಿ.

ಕಾಗದಪತ್ರದ ವಿಷಯ. "ಟೆಂಟ್ ಬಿಚ್ಚಬಹುದಲ್ಲ, ಕಟ್ಟಡ ಅಲ್ವಲ್ಲ" ಅಂತ ತುಂಬ ಜನ ವಾದ ಮಾಡ್ತಾರೆ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ನೋಡೋದು ಜಮೀನಿನ ಬಳಕೆಯನ್ನು. ಕೃಷಿಯೇತರ ಬಳಕೆಗೆ ಜಿಲ್ಲಾಧಿಕಾರಿ ಅನುಮತಿ ಬೇಕು. ತಹಶೀಲ್ದಾರ್ ಕಚೇರಿ, ಗ್ರಾಮ ಪಂಚಾಯಿತಿ, ಜಿಲ್ಲಾ ಪ್ರವಾಸೋದ್ಯಮ ಇಲಾಖೆ ಮೂರೂ ಕಡೆ ವಿಚಾರಿಸಿ, ಉತ್ತರ ಬರಹದಲ್ಲಿ ತಗೊಳ್ಳಿ. ಅಡಿಕೆ ಮಾರಿದ ದುಡ್ಡಿಗೆ ಆದಾಯ ತೆರಿಗೆ ಇಲ್ಲ, ಟೆಂಟ್ ಬಾಡಿಗೆಗೆ ಆ ವಿನಾಯಿತಿ ಸಿಗಲ್ಲ. ಎರಡಕ್ಕೂ ಬೇರೆ ಬೇರೆ ಬ್ಯಾಂಕ್ ಖಾತೆ ಇದ್ದರೆ ಮಾರ್ಚ್‌ನಲ್ಲಿ ತಲೆನೋವು ಕಡಿಮೆ.