ಗಾಳಿ ಕರೆಂಟಿನ ಲೆಕ್ಕ ನಮಗೂ ಗೊತ್ತಿರಲಿ



ಚಿತ್ರದುರ್ಗ, ಗದಗ ಕಡೆ ಬಸ್ಸಿನಲ್ಲಿ ಹೋದವರು ಗುಡ್ಡದ ಮೇಲೆ ತಿರುಗುವ ದೊಡ್ಡ ಫ್ಯಾನುಗಳನ್ನು ನೋಡಿಯೇ ಇರುತ್ತೀರಿ. ಮೊದಲು ಗುಡ್ಡದ ನೆತ್ತಿಯಲ್ಲಿ ಕಾಣುತ್ತಿದ್ದವು ಈಗ ಜೋಳ, ಕಡಲೆ ಬೆಳೆಯುವ ಹೊಲಗಳಿಗೂ ಇಳಿದು ಬಂದಿವೆ. ಹೊಲಕ್ಕೆ ಬಂದ ಮೇಲೆ ಇದು ಬರೀ ಎಂಜಿನಿಯರುಗಳ ವಿಷಯವಲ್ಲ, ನಮ್ಮದೂ ಹೌದು. ಆದ್ದರಿಂದ ಈ ತಿಂಗಳ ಸಂಘದ ಪಾಠಕ್ಕೆ ಇದನ್ನೇ ಆರಿಸಿಕೊಂಡಿದ್ದೇವೆ.

ನಮ್ಮ ದೇಶದಲ್ಲಿ ಗಾಳಿಯಿಂದ ಕರೆಂಟು ಮಾಡುವ ಮೊದಲ ಕೇಂದ್ರಗಳು 1986ರಲ್ಲಿ ಗುಜರಾತ್, ಮಹಾರಾಷ್ಟ್ರ, ತಮಿಳುನಾಡಿನ ಕರಾವಳಿಯಲ್ಲಿ ಶುರುವಾದವು. ಆಗಿನ ಒಂದು ಯಂತ್ರದ ಸಾಮರ್ಥ್ಯ ಬರೀ 55 ಕಿಲೋವ್ಯಾಟ್. ಈಗ ನಿಲ್ಲಿಸುವ ಒಂದೊಂದು ಯಂತ್ರ 2 ರಿಂದ 3 ಮೆಗಾವ್ಯಾಟಿನದು, ಅಂದರೆ 2000 ರಿಂದ 3000 ಕಿಲೋವ್ಯಾಟ್. 2025ರ ಮಾರ್ಚ್ ಕೊನೆಗೆ ದೇಶದ ಒಟ್ಟು ಗಾಳಿ ವಿದ್ಯುತ್ ಸಾಮರ್ಥ್ಯ 50,000 ಮೆಗಾವ್ಯಾಟ್ ದಾಟಿತು. 2024-25ರ ಒಂದೇ ವರ್ಷದಲ್ಲಿ ಕರ್ನಾಟಕ 1,300 ಮೆಗಾವ್ಯಾಟಿಗೂ ಹೆಚ್ಚು ಸೇರಿಸಿತು. ಆ ವರ್ಷ ಬೇರೆ ಯಾವ ರಾಜ್ಯವೂ ಇಷ್ಟು ಸೇರಿಸಲಿಲ್ಲ.

ಇಲ್ಲೊಂದು ಮಾತು ಸರಿಯಾಗಿ ತಿಳಿಯಬೇಕು. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ನಮ್ಮ ಹೊಲಿಗೆ ಯಂತ್ರವನ್ನೇ ತಗೊಳ್ಳಿ. ದಿನವಿಡೀ ಕೂತರೆ ಎಂಟು ರವಿಕೆ ಹೊಲಿಯಬಹುದು. ಆದರೆ ನೀರು ತಂದು, ಅಡುಗೆ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಿ ಕೂತರೆ ಆಗೋದು ಎರಡೇ. ಎಂಟು ಸಾಮರ್ಥ್ಯ, ಎರಡು ಉತ್ಪಾದನೆ. ಗಾಳಿ ಯಂತ್ರದ್ದೂ ಹೆಚ್ಚುಕಡಿಮೆ ಇದೇ ಕಥೆ. 2 ಮೆಗಾವ್ಯಾಟಿನ ಯಂತ್ರ ಒಳ್ಳೆ ಗಾಳಿಯಲ್ಲಿ ಗಂಟೆಗೆ 2000 ಯೂನಿಟ್ ಕೊಡುತ್ತದೆ. ವರ್ಷಪೂರ್ತಿ ಹಾಗೇ ತಿರುಗಿದರೆ 1 ಕೋಟಿ 75 ಲಕ್ಷ ಯೂನಿಟ್ ಆಗಬೇಕು. ಸಿಗುವುದು ಅದರ ಕಾಲುಭಾಗ, ಎಂದರೆ ಸುಮಾರು 44 ಲಕ್ಷ. ಜಾಗ ಚೆನ್ನಾಗಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಅದೇನೂ ಕಡಿಮೆಯಲ್ಲ. ತಿಂಗಳಿಗೆ 100 ಯೂನಿಟ್ ಬಳಸುವ ಮೂರೂವರೆ ಸಾವಿರ ಮನೆಗಳಿಗೆ ವರ್ಷವಿಡೀ ಸಾಕಾಗುವಷ್ಟು!

ಕಾಲುಭಾಗ ಯಾಕೆ? ಗಾಳಿಯ ವೇಗ ಅರ್ಧಕ್ಕೆ ಇಳಿದರೆ ಅದರಲ್ಲಿರುವ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಮ್ಮಲ್ಲಿ ಜೋರು ಗಾಳಿ ಬೀಸೋದು ಮುಂಗಾರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಪಂಪ್‌ಸೆಟ್ಟುಗಳು ಬಿಡದೆ ಓಡುವ ಮಾರ್ಚ್, ಏಪ್ರಿಲ್‌ನಲ್ಲಿ ಫ್ಯಾನಿನಿಂದ ಸಿಗುವ ಕರೆಂಟು ಕಡಿಮೆ. ಆಗ ಶರಾವತಿಯ ನೀರು, ರಾಯಚೂರಿನ ಕಲ್ಲಿದ್ದಲು, ಪಾವಗಡದ ಬಿಸಿಲು ಕೈಹಿಡಿಯಬೇಕು. ಗಾಳಿಯೊಂದನ್ನೇ ನಂಬಿ ರಾಜ್ಯ ನಡೆಯದು. ಆದರೂ ಹೊಗೆಯಿಲ್ಲ, ಬೂದಿಯಿಲ್ಲ. ಬೆಳೆಯಲೇಬೇಕಾದ ವಿದ್ಯುತ್ ಇದು ಎಂಬುದು ನಮ್ಮ ಅಭಿಪ್ರಾಯ.

ಈಗ ಹೊಲದ ವಿಷಯ. ಯಂತ್ರದ ಬುಡಕ್ಕೆ ಬೇಕಾಗುವ ಜಾಗ ಸ್ವಲ್ಪವೇ. ಆದರೆ ಉದ್ದನೆಯ ರೆಕ್ಕೆ ಹೊತ್ತು ಬರುವ ಲಾರಿಗೆ ದಾರಿ ಬೇಕು, ತಂತಿ ಎಳೆಯಲು ಕಂಬ ಬೇಕು. ಏಜೆಂಟರು ಬಂದು ಮಾತಾಡುವುದು ಯಾರ ಹತ್ತಿರ? ಪಹಣಿಯಲ್ಲಿ ಹೆಸರಿರುವವರ ಹತ್ತಿರ. ಬಹಳ ಮನೆಗಳಲ್ಲಿ ಅದು ಗಂಡಸರ ಹೆಸರು. ಕಳೆ ಕೀಳುವವಳು, ಬಿತ್ತನೆಗೆ ಬೀಜ ಕಾಯ್ದಿಡುವವಳು ಒಳಗೆ ಚಹಾ ಮಾಡುತ್ತಿರುತ್ತಾಳೆ. ಅಷ್ಟರಲ್ಲಿ ಕರಾರು ಮುಗಿದಿರುತ್ತದೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿದೆ. ಕಾಗದದಲ್ಲಿರುವ ಈ ಹಕ್ಕು ಕರಾರಿನ ಹೊತ್ತಿಗೆ ನೆನಪಾಗಬೇಕು. ಪಹಣಿಯೇ ಇಲ್ಲದ ಕೂಲಿ ಅಕ್ಕಂದಿರ ಪಾಡು ಇನ್ನೂ ಕಷ್ಟ. ಹೊಲ ಪಾಳು ಬಿದ್ದರೆ ಅವರ ದಿನಗೂಲಿ ಹೋಗುತ್ತದೆ, ಪರಿಹಾರದ ಪಟ್ಟಿಯಲ್ಲಿ ಹೆಸರು ಇರುವುದಿಲ್ಲ.

ಸಂಘದಲ್ಲಿ ಚರ್ಚಿಸಿರಿ: ನಮ್ಮೂರಿಗೆ ಇಂಥ ಕರಾರು ಬಂದರೆ ಅದು ಮಾರಾಟವೋ, ಗುತ್ತಿಗೆಯೋ? ಗುತ್ತಿಗೆಯಾದರೆ ಎಷ್ಟು ವರ್ಷ, ಬಾಡಿಗೆ ಏರುವುದು ಹೇಗೆ? ಇಪ್ಪತ್ತು ಇಪ್ಪತ್ತೈದು ವರ್ಷದಲ್ಲಿ ಯಂತ್ರ ಹಳತಾದಾಗ ಕಿತ್ತು ಒಯ್ಯುವವರು ಯಾರು? ಲಾರಿಯಿಂದ ಬೆಳೆ, ಬದು ಹಾಳಾದರೆ ಕೊಡುವವರು ಯಾರು? ಕಾಗದ ಕನ್ನಡದಲ್ಲಿದೆಯೇ, ಸಹಿಗೆ ಮೊದಲು ಮನೆಯ ಹೆಂಗಸರಿಗೆ ಯಾರಾದರೂ ಓದಿ ಹೇಳಿದರೇ? ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಮನೆಯ ಕರೆಂಟ್ ಬಿಲ್ಲನ್ನೂ ಪಹಣಿ ಇದ್ದರೆ ಅದರ ನಕಲನ್ನೂ ತನ್ನಿರಿ.